ಐವತ್ನಾಲ್ಕನೇ ವಯಸ್ಸಿನಲ್ಲಿ ಇಂಪೊಸಿಷನ್

ಮೊರ್ಲಿಯಾಕ್ ಊರಿನಲ್ಲಿ ನಲ್ಲಿ ಸೋರಿದರೆ ಜನ ಮೊದಲು ಒಂದು ಬಕೆಟ್ ಇಡುತ್ತಿದ್ದರು. ಆಮೇಲೆ ಪ್ಲಂಬರ್ ಅನ್ಸೆಲ್ಮನಿಗೆ ಹೇಳಿ ಕಳಿಸುತ್ತಿದ್ದರು. ಅದಾದ ಮೇಲೆ ಪೇಟೆಗೆ ಹೋಗಿ ಇನ್ನೂ ದೊಡ್ಡ ಬಕೆಟ್ ತರುತ್ತಿದ್ದರು.

ಅನ್ಸೆಲ್ಮ್ ವಿದಾಲ್ ಕೆಟ್ಟ ಪ್ಲಂಬರ್ ಎಂದು ಯಾರೂ ತಿಳಿಯಬಾರದು. ಅವನ ಕೈ ಮುಟ್ಟಿದ ಪೈಪು ಮೂವತ್ತು ವರ್ಷ ತೊಟ್ಟು ನೀರು ಹೊರಗೆ ಬಿಡುತ್ತಿರಲಿಲ್ಲ. ಕೈ ಮುಟ್ಟಬೇಕು, ಅಷ್ಟೇ ತೊಂದರೆ. ಯಾರು ಎಲ್ಲಿ ಸಿಕ್ಕಿ ಕೇಳಿದರೂ ಅವನದು ಒಂದೇ ಮಾತು: "ಬರ್ತಿದ್ದೆ, ಆದ್ರೆ..." ಆ 'ಆದ್ರೆ'ಯ ಹಿಂದೆ ಒಂದು ದೊಡ್ಡ ಮೆರವಣಿಗೆಯೇ ಇರುತ್ತಿತ್ತು. ವ್ಯಾನಿನ ಕ್ಲಚ್ಚು, ಭಾವಮೈದನ ಮಂಡಿ, ರೈಲ್ವೆಯವರ ಮುಷ್ಕರ, ಹೆಂಡತಿಯ ಸೋದರತ್ತೆಯ ಸಾವು. ಆ ಸೋದರತ್ತೆ ಹನ್ನೊಂದು ಸಲ ಸತ್ತಿದ್ದಳು. ಹನ್ನೆರಡನೇ ಸಲ ಸಾಯಬೇಕೆಂದಿದ್ದ ದಿನ ಪಾಪ, ತಾನೇ ಬಸ್ಸಿಳಿದು ಊರಿಗೆ ಬಂದುಬಿಟ್ಟಿದ್ದರಿಂದ ಅನ್ಸೆಲ್ಮ್ ಬೇರೆ ಕಾರಣ ಹುಡುಕಬೇಕಾಯಿತು.

ಈ ವ್ಯವಸ್ಥೆ ಸುಖವಾಗಿಯೇ ನಡೆದುಕೊಂಡು ಹೋಗುತ್ತಿತ್ತು. ಆದರೆ ಅಕ್ಟೋಬರ್ ಮೊದಲ ಗುರುವಾರ, ಸಂತೆಯ ಚೀಸ್ ಅಂಗಡಿಯ ಎದುರು, ಅವನು ಆ ಮಾತನ್ನು ಆಡಬಾರದವರ ಮುಂದೆ ಆಡಿಬಿಟ್ಟ.

ಮೇಡಂ ಶಸ್ತಾಂಗ್ ಅವರಿಗೆ ಎಂಬತ್ತಾರು ವರ್ಷ. ನಲವತ್ತೊಂದು ವರ್ಷ ಊರಿನ ಶಾಲೆಯಲ್ಲಿ ಪಾಠ ಹೇಳಿದವರು. ಮೂವತ್ತು ದಾಟಿದ, ಎಪ್ಪತ್ತು ಮುಟ್ಟದ ಪ್ರತಿಯೊಬ್ಬರ ಕಿವಿಯೂ ಒಂದಲ್ಲ ಒಂದು ದಿನ ಅವರ ಹೆಬ್ಬೆರಳು ತೋರುಬೆರಳುಗಳ ನಡುವೆ ಇದ್ದದ್ದೇ. ನಿವೃತ್ತಿಯಾಗಿ ಇಪ್ಪತ್ತು ವರ್ಷ ಕಳೆದಿದ್ದರೂ ಆ ವಿಷಯವನ್ನು ಅವರಿಗೆ ತಿಳಿಸುವ ಧೈರ್ಯ ಯಾರಿಗೂ ಬಂದಿರಲಿಲ್ಲ.

"ಅನ್ಸೆಲ್ಮ್," ಎಂದರು ಮೇಡಂ.

ಅವನ ತಲೆಯ ಮೇಲಿದ್ದ ಟೋಪಿ ತಾನಾಗಿಯೇ ಕೈಗೆ ಇಳಿಯಿತು.

"ಮೂರು ವಾರದಿಂದ ನನ್ನ ಸಿಂಕು ಸೋರ್ತಿದೆ."

"ಅಯ್ಯೋ ಮೇಡಂ, ಮೊನ್ನೆನೇ ಬರ್ತಿದ್ದೆ, ಆದ್ರೆ..."

"ಆದ್ರೆ ಬೇಡ. ಮೊದಲ ಅರ್ಧ ಸಾಕು. 'ನಾನು ಬಂದಿರುತ್ತಿದ್ದೆ.' ಇದು ಯಾವ ಕಾಲ?"

ಚೀಸ್ ಅಂಗಡಿಯವನು ಕತ್ತರಿಸುತ್ತಿದ್ದ ಚಾಕುವನ್ನು ನಡುವಿನಲ್ಲೇ ನಿಲ್ಲಿಸಿದ. ಸಾಲಿನಲ್ಲಿ ನಿಂತಿದ್ದ ಏಳು ಜನ ತಮ್ಮನ್ನು ಕೇಳಿಬಿಟ್ಟರೆ ಕಷ್ಟವೆಂದು ಬುಟ್ಟಿಯೊಳಗೆ ಮುಖ ಹಾಕಿದರು.

"ಭೂತಕಾಲ... ಇರಬಹುದು?" ಎಂದ ಅನ್ಸೆಲ್ಮ್.

"ಇರಬಹುದಂತೆ! ಆಗಬಹುದಾಗಿದ್ದು ಆಗದೇ ಹೋದ ಕಾಲ, ಕಣಪ್ಪ. ಇಡೀ ವ್ಯಾಕರಣದಲ್ಲಿ ನಿನ್ನಂಥವರಿಗೋಸ್ಕರವೇ ಮಾಡಿಟ್ಟಿರೋ ಕಾಲ. ನಾನು ಬಂದಿರುತ್ತಿದ್ದೆ, ನೀನು ಬಂದಿರುತ್ತಿದ್ದೆ, ಅವನು ಬಂದಿರುತ್ತಿದ್ದ. ನಾವು, ನೀವು, ಅವರು, ಎಲ್ಲಾ ಬರೀಬೇಕು. ಬಂದಿರುತ್ತಿರಲಿಲ್ಲ ಅಂತಲೂ ಬರೀಬೇಕು. ಐವತ್ತು ಸಲ. ಭಾನುವಾರದ ಊಟಕ್ಕೆ ತಂದು ತೋರಿಸು."

ಸಾಲಿನಲ್ಲಿದ್ದವರು ಕಿಸಕ್ಕೆಂದರು. ಅನ್ಸೆಲ್ಮನೂ ಹಲ್ಲು ಬಿಟ್ಟ. ಐವತ್ನಾಲ್ಕು ವರ್ಷದ ಗಂಡಸಿಗೆ ಇಂಪೊಸಿಷನ್ ಬೀಳುವುದು ಆ ಊರಿಗೆ ಹೊಸದಲ್ಲ. ಮೇಯರ್ ಫಾಬ್ರೆಗ್ ಹೋದ ಚಳಿಗಾಲದಲ್ಲಿ 'ನಾನು ಹಿಮ ಕರಗಲು ರಸ್ತೆಗೆ ಉಪ್ಪು ಹಾಕಿಸಿರುತ್ತಿದ್ದೆ' ಎಂದು ನೂರು ಸಲ ಬರೆದಿದ್ದ.

"ಕೆಳಗೆ ತಂದೆ ಅಥವಾ ತಾಯಿ ಸಹಿ," ಎಂದು ಮೇಡಂ ಚೀಸ್ ತೆಗೆದುಕೊಂಡು ಹೊರಟರು.

ಅನ್ಸೆಲ್ಮನ ಹಲ್ಲುಗಳು ಒಳಗೆ ಹೋದವು. ಸಾಲಿನವರ ನಗುವೂ ನಿಂತಿತು. ಅನ್ಸೆಲ್ಮನ ಅಪ್ಪ ತೀರಿಕೊಂಡು ಒಂಬತ್ತು ವರ್ಷ. ಅಮ್ಮ ಲಿಯೋಂತಿನ್ ಇದ್ದಾಳೆ, ಚೆನ್ನಾಗಿಯೇ ಇದ್ದಾಳೆ, ಚೌಕದ ಆಚೆ ಬದಿಯಲ್ಲಿ ಬೇಕರಿಯ ಪಕ್ಕದ ಮನೆಯಲ್ಲಿ. ಅನ್ಸೆಲ್ಮ್ ಚೌಕದ ಈಚೆ ಬದಿಯಲ್ಲಿದ್ದಾನೆ. ಇಬ್ಬರೂ ಮಾತು ಬಿಟ್ಟು ಎರಡು ವರ್ಷವಾಗಿತ್ತು.

ಮಾತು ಬಿಟ್ಟ ಕಾರಣ ಸಣ್ಣದಲ್ಲ. ಲಿಯೋಂತಿನ್ ಮನೆಯ ಅಡುಗೆಮನೆಯ ನಲ್ಲಿ ತೊಟ್ಟಿಕ್ಕುತ್ತಿತ್ತು. ಮಗನಿಗೆ ಹೇಳಿದಳು. ಮಗ ಏಳು ತಿಂಗಳು 'ಬರ್ತಿದ್ದೆ' ಎಂದ. ಆಮೇಲೊಂದು ಬೆಳಿಗ್ಗೆ ಅವನು ಕಿಟಕಿಯಿಂದ ನೋಡುತ್ತಾನೆ, ಅಮ್ಮನ ಬಾಗಿಲಿಗೆ ಆತುಕೊಂಡು ಒಂದು ಹಸಿರು ವ್ಯಾನು ನಿಂತಿದೆ. ಅದರ ಮೇಲೆ ದೊಡ್ಡ ಅಕ್ಷರದಲ್ಲಿ: 'ಬಾರ್ತಾಸ್, ಪ್ಲಂಬರ್, ಸೊವೆರಾಕ್.' ಹೆತ್ತ ತಾಯಿಯ ಅಡುಗೆಮನೆಗೆ ಪರವೂರಿನ ಪ್ಲಂಬರ್! ಗಂಡ ಬೇರೆಯವಳ ಜೊತೆ ಓಡಿಹೋದರೂ ಸಮಾಧಾನ ಹೇಳಬಹುದು, ಇದಕ್ಕೆ ಏನು ಹೇಳುವುದು? ಅನ್ಸೆಲ್ಮ್ ಅಂದಿನಿಂದ ಆ ಮನೆಯ ಮೆಟ್ಟಿಲು ಹತ್ತಲಿಲ್ಲ. ಮಗ ಬರಲಿಲ್ಲವೆಂದು ಅಮ್ಮ ಬಾಗಿಲು ತೆಗೆಯಲಿಲ್ಲ.

ಅದಕ್ಕಿಂತ ಕಷ್ಟದ್ದು ಭಾನುವಾರದ ಊಟ. ಪ್ರತಿ ಅಕ್ಟೋಬರಿನಲ್ಲಿ ಹಳೆಯ ವಿದ್ಯಾರ್ಥಿಗಳೆಲ್ಲ ಶಾಲೆಯ ಅಂಗಳದಲ್ಲಿ ಸೇರಿ ಉಣ್ಣುವುದು ಊರಿನ ಪದ್ಧತಿ. ಶಾಲೆಯಲ್ಲಿ ಮೂವತ್ತು ವರ್ಷ ಅಡುಗೆ ಮಾಡಿದ ಲಿಯೋಂತಿನ್‌ಳದೇ ಅಂದಿನ ಅಡುಗೆ. ಎಲೆಕೋಸು, ಆಲೂಗಡ್ಡೆ, ಉಪ್ಪು ಹಾಕಿಟ್ಟ ಹಂದಿಮಾಂಸ, ಎಲ್ಲ ಒಂದೇ ಹಂಡೆಯಲ್ಲಿ ನಾಲ್ಕು ಗಂಟೆ ಬೇಯುತ್ತಿತ್ತು. ಬಡಿಸುವ ಸೌಟೂ ಅವಳದೇ. ಕಳೆದೆರಡು ವರ್ಷ ಆ ಸೌಟು ಅನ್ಸೆಲ್ಮನ ತಟ್ಟೆಯ ಮೇಲೆ ಬಂದಾಗ ಮಾಂಸದ ತುಂಡುಗಳನ್ನೆಲ್ಲ ಹಂಡೆಗೇ ಜಾರಿಸಿ ಬರೀ ಎಲೆಕೋಸು ಸುರಿದಿತ್ತು. ಎರಡು ವರ್ಷ ಎಲೆಕೋಸು ತಿಂದ ಮನುಷ್ಯನಿಗೆ ಈ ಸಲ ಅದಕ್ಕೂ ಕಲ್ಲು ಬಿತ್ತು. ಇಂಪೊಸಿಷನ್ ಮುಗಿಸದೆ ಬಂದವರು ಊಟದ ಕೊನೆಗೆ ಚೀಸ್ ಬರುವವರೆಗೆ ಅಂಗಳದ ಮರಕ್ಕೆ ಮುಖ ಮಾಡಿ ನಿಲ್ಲಬೇಕಿತ್ತು. ಹೋದ ವರ್ಷ ಊರಿನ ನೋಟರಿ ತನ್ನ ಕೋಟು, ಕನ್ನಡಕ, ಪದಕ ಸಮೇತ ನಿಂತಿದ್ದ.

"ನಾನೇ ಸಹಿ ಹಾಕಿಕೊಡ್ಲಾ?" ಎಂದಳು ಅನ್ಸೆಲ್ಮನ ಹೆಂಡತಿ ಮಿರೇಯ್, ವಿಷಯ ಕೇಳಿ ನಕ್ಕು ಸುಸ್ತಾದ ಮೇಲೆ.

"ನೀನು ನನ್ನ ತಾಯಿ ಅಲ್ಲವಲ್ಲ."

"ಇಪ್ಪತ್ತೆಂಟು ವರ್ಷದಿಂದ ಮತ್ತೇನು ಮಾಡ್ತಾ ಬಂದಿದ್ದೀನಿ? ಹೋಗ್ರೀ, ಚೌಕ ದಾಟಿದ್ರೆ ನಲವತ್ತು ಹೆಜ್ಜೆ. ಅಮ್ಮನ ಹತ್ರ ಹೋಗಿ ಹಾಕಿಸ್ಕೊಂಡು ಬನ್ನಿ."

"ಬಾರ್ತಾಸನ ಹತ್ರ ಹಾಕಿಸ್ಕೊಳ್ತೀನಿ ಬೇಕಾದ್ರೆ, ಅವಳ ಹತ್ರ ಹೋಗಲ್ಲ!" ಎಂದು ಬಾಗಿಲು ದಡಾರನೆ ಹಾಕಿಕೊಂಡು ಅನ್ಸೆಲ್ಮ್ ಕಾಫಿ ಅಂಗಡಿಗೆ ನಡೆದ.

ಅಷ್ಟರಲ್ಲಿ ಸುದ್ದಿ ಅವನಿಗಿಂತ ಮೊದಲೇ ಅಲ್ಲಿ ಕುಳಿತು ಕಾಫಿ ಕುಡಿಯುತ್ತಿತ್ತು. ಮೇಡಂ ಈವರೆಗೆ ದೊಡ್ಡವರಿಗೆ ಎಷ್ಟೋ ಶಿಕ್ಷೆ ಕೊಟ್ಟಿದ್ದರು, ಆದರೆ ತಂದೆತಾಯಿ ಸಹಿ ಯಾರಿಗೂ ಕೇಳಿರಲಿಲ್ಲ. ಹಾಗಾದರೆ ಇವನು ಮಾಡಿದ್ದು ಬರೀ ಸಿಂಕಿನ ವಿಷಯವೇ? ಮಾಂಸದಂಗಡಿಯವನು ಹೇಳಿದ ಪ್ರಕಾರ ಅನ್ಸೆಲ್ಮ್ ಮೇಡಂ ಮನೆಯ ನೆಲಮಾಳಿಗೆಯನ್ನು ಮುಳುಗಿಸಿದ್ದ. ಔಷಧಿ ಅಂಗಡಿಯವಳ ಪ್ರಕಾರ ಮೇಡಂ ಬೆಕ್ಕೂ ಅದರಲ್ಲಿ ತೇಲಿಹೋಗಿತ್ತು. ಮಧ್ಯಾಹ್ನದ ಹೊತ್ತಿಗೆ ಹನ್ನೊಂದು ಸಲ ಸತ್ತ ಆ ಸೋದರತ್ತೆ ದೂರದೂರಿನಿಂದ ಫೋನು ಮಾಡಿ, "ಧೈರ್ಯವಾಗಿರಪ್ಪ, ಜೈಲಲ್ಲಿ ಈಗ ಊಟ ಚೆನ್ನಾಗಿರುತ್ತಂತೆ," ಎಂದು ಸಮಾಧಾನ ಹೇಳಿದ್ದಳು.

ಅನ್ಸೆಲ್ಮ್ ಒಂದು ಮೂಲೆಯಲ್ಲಿ ಕುಳಿತು ಕಾಗದ ಬಿಡಿಸಿ ಬರೆಯತೊಡಗಿದ. ಆ ಊರಿನ ಭಾಷೆಯಲ್ಲಿ ಈ ಕಾಲಕ್ಕೆ ಕೆಲವು ಕ್ರಿಯಾಪದಗಳ ಜೊತೆ 'ಇರು', ಉಳಿದವುಗಳ ಜೊತೆ 'ಹೊಂದು' ಎಂಬ ಸಹಾಯಕ ಪದ ಸೇರಿಸಬೇಕು. ಎರಡನೇ ಸಾಲಿಗೇ ಭುಜದ ಮೇಲೊಂದು ತಲೆ ಬಂತು. ಮೇಯರ್ ಫಾಬ್ರೆಗ್‌ನದು.

"ತಪ್ಪು," ಎಂದ ಮೇಯರ್. "'ಬರು'ಗೆ ಈ ಸಹಾಯಕ ಕ್ರಿಯಾಪದ ಬರಲ್ಲ. 'ಇರು' ಹಾಕಬೇಕು. ನೀನು 'ಹೊಂದು' ಹಾಕಿದ್ದೀಯ."

"ಎಲ್ಲದಕ್ಕೂ 'ಹೊಂದು' ತಾನೇ?" ಎಂದ ಮಾಂಸದಂಗಡಿಯವನು.

"ತಿಂದಿದ್ದಕ್ಕೆ 'ಹೊಂದು', ಬಂದಿದ್ದಕ್ಕೆ 'ಇರು'. ಉಪ್ಪಿನ ಕಾಲದಲ್ಲಿ ನೂರು ಸಲ ಬರೆದಿದ್ದೀನಿ, ನನಗೆ ಹೇಳಿಕೊಡ್ತೀಯಾ?"

"ಉಪ್ಪು ಹಾಕಿಸಿದ್ದು ಬೇರೆ, ನಲ್ಲಿಗೆ ಬಂದಿದ್ದು ಬೇರೆ!"

ಐದು ನಿಮಿಷದಲ್ಲಿ ಅಂಗಡಿ ಎರಡು ಪಕ್ಷವಾಯಿತು. ಪುರಸಭೆಯ ಚುನಾವಣೆಯಲ್ಲೂ ಇಷ್ಟು ಬಿಸಿ ಏರಿರಲಿಲ್ಲ. ಮೇಯರು ಮೇಜು ಗುದ್ದಿ, ಮೊರ್ಲಿಯಾಕಿನ ಪ್ರಥಮ ಪ್ರಜೆಯಾಗಿ ತಾನು 'ಇರು' ಪರ ಎಂದು ಘೋಷಿಸಿದ. ವಿರೋಧ ಪಕ್ಷದವರು, ಹಾಗಾದರೆ ಅದು ಖಂಡಿತ 'ಹೊಂದು'ವೇ ಇರಬೇಕು ಎಂದರು. ಕೊನೆಗೆ ಮೇಯರ್ ಹೇಳಿದ್ದೇ ಸರಿಯೆಂದು ಗೊತ್ತಾಗಿ ಎಲ್ಲರಿಗೂ ಬೇಸರವಾಯಿತು. ಅನ್ಸೆಲ್ಮ್ ಮೊದಲಿಂದ ಬರೆದ.

ಶುಕ್ರವಾರ ಸಂಜೆಗೆ ಐವತ್ತೂ ಮುಗಿದವು. ಕೆಳಗೆ ಸಹಿಯ ಜಾಗ ಮಾತ್ರ ಖಾಲಿ. ಅನ್ಸೆಲ್ಮ್ ಅದನ್ನು ನೋಡಿದ. ಕಿಟಕಿಯಿಂದ ಚೌಕದಾಚೆ ನೋಡಿದ. ಅಮ್ಮನ ಮನೆಯ ಹೊಗೆಗೂಡಿನಿಂದ ಹೊಗೆ ಬರುತ್ತಿತ್ತು. ಪರದೆ ಎಳೆದು, ಪೆನ್ನು ಹಿಡಿದು, 'ಲಿಯೋಂತಿನ್ ವಿದಾಲ್' ಎಂದು ತಾನೇ ಗೀಚಿ, ಆಗಲೇ ಮೇಡಂ ಮನೆಗೆ ಒಯ್ದ.

ಮೇಡಂ ಕನ್ನಡಕವನ್ನೂ ಹಾಕಿಕೊಳ್ಳಲಿಲ್ಲ.

"ನಿಮ್ಮಮ್ಮ ಹೆಸರಿನ ಕೊನೆಗೆ ಬಾಲ ಎಳೆಯಲ್ಲ. ಬಾಲ ಎಳೆಯೋದು ನೀನು. ನಾಲ್ಕನೇ ಕ್ಲಾಸಲ್ಲಿ ಮಾರ್ಕ್ಸ್ ಕಾರ್ಡಿಗೆ ನಿಮ್ಮಪ್ಪನ ಸಹಿ ಹಾಕಿದ್ಯಲ್ಲ, ಅವತ್ತೂ ಇದೇ ಬಾಲ. ನಲವತ್ತೊಂದು ವರ್ಷ ಈ ಊರಿನ ಕಳ್ಳ ಸಹಿಗಳನ್ನೇ ನೋಡಿದ್ದೀನಿ ಕಣೋ. ನೋಟರಿಯ ಸಹಿ ಇದೆಯಲ್ಲ, ಈಗ ಎಲ್ಲ ಪತ್ರಕ್ಕೂ ಒತ್ತುತ್ತಾನಲ್ಲ, ಅದನ್ನ ಅವನು ಕಲಿತಿದ್ದೇ ಅವರಪ್ಪನದನ್ನ ಕದಿಯೋಕೆ." ಕೆಂಪು ಪೆನ್ಸಿಲ್ಲು ಕಾಗದದ ಮೇಲೆ ಒಂದು ದೊಡ್ಡ ಗೀಟು ಎಳೆಯಿತು. "ನೂರು ಸಲ. ಹೋಗು."

"ಮೇಡಂ, ಈಗ ಬಂದಿದ್ದೀನಲ್ಲ, ಸಿಂಕು ನೋಡಿಬಿಡ್ಲಾ?" ಎಂದ ಅನ್ಸೆಲ್ಮ್, ಲಂಚದ ದನಿಯಲ್ಲಿ. ಪ್ರಾಣಭಯ ಬಂದಾಗ ಮನುಷ್ಯ ಕೆಲಸ ಮಾಡಲೂ ಹೇಸುವುದಿಲ್ಲ.

"ಮೊದಲು ಸಹಿ, ಆಮೇಲೆ ಸಿಂಕು."

ಶನಿವಾರ ಬೆಳಿಗ್ಗೆ ಅವನು ನೇರವಾಗಿ ಪೊಲೀಸ್ ಠಾಣೆಗೆ ಹೋದ. ಒಂದು ಗಣರಾಜ್ಯದಲ್ಲಿ ಸ್ವತಂತ್ರ ಪ್ರಜೆಯೊಬ್ಬನಿಗೆ ಹೀಗೆಲ್ಲ ಮಾಡಬಹುದೇ ಎಂದು ಕೇಳುವುದು ಅವನ ಉದ್ದೇಶ. ಠಾಣೆಯ ಮುಖ್ಯಸ್ಥ ಗೂದಾಲ್, ಆರಡಿ ಎರಡಂಗುಲದ ಮೀಸೆ ಮನುಷ್ಯ, ದೂರು ಬರೆದುಕೊಳ್ಳಲು ಪುಸ್ತಕ ತೆಗೆದ.

"ಯಾರ ಮೇಲೆ ದೂರು?"

"ಮೇಡಂ ಶಸ್ತಾಂಗ್ ಮೇಲೆ."

ಗೂದಾಲ್ ಎದ್ದು ನಿಂತ. ಸೊಂಟದ ಬೆಲ್ಟು ಸರಿಮಾಡಿಕೊಂಡ. ಹೋಗಿ ಬಾಗಿಲು ಹಾಕಿ ಬಂದು ದನಿ ತಗ್ಗಿಸಿದ. "ಅನ್ಸೆಲ್ಮಣ್ಣ, ನಿನ್ನ ಕಾಲಿಗೆ ಬೀಳ್ತೀನಿ, ಆ ಹೆಸರು ಇಲ್ಲಿ ಎತ್ತಬೇಡ. ನಂದೇ ಇನ್ನೂ ಮೂವತ್ತು ಬಾಕಿ ಇದೆ." ಎಂದು ಮೇಜಿನ ಖಾನೆ ಎಳೆದು ತೋರಿಸಿದ. ಬಂದೂಕಿನ ಪಕ್ಕದಲ್ಲಿ ಕಾಗದ: 'ನಾನು ಅವರ ಬೇಲಿ ಕಿತ್ತ ಆಡನ್ನು ಹಿಡಿದಿರುತ್ತಿದ್ದೆ, ನೀನು ಹಿಡಿದಿರುತ್ತಿದ್ದೆ...' "ಇದಕ್ಕೆ 'ಹೊಂದು' ತಾನೇ ಬರೋದು? ಮೇಯರ್ ಏನಂದ?"

ಕಾನೂನು ಹೀಗೆ ಕೈಬಿಟ್ಟ ಮೇಲೆ ಅನ್ಸೆಲ್ಮನಿಗೆ ದಾರಿಯೇ ಉಳಿಯಲಿಲ್ಲ. ಮಧ್ಯಾಹ್ನ ಮೂರು ಗಂಟೆಗೆ, ನೂರು ಸಲ ಬರೆದ ಕಾಗದಗಳನ್ನು ಕಂಕುಳಲ್ಲಿಟ್ಟುಕೊಂಡು ಚೌಕಕ್ಕೆ ಕಾಲಿಟ್ಟ. ಊರಿನ ಎಲ್ಲ ಕಿಟಕಿಗಳಲ್ಲೂ ಪರದೆಗಳು ಒಂದಿಷ್ಟೇ ಸರಿದವು. ಮಿರೇಯ್ ಮಾತ್ರ ಮುಚ್ಚುಮರೆಯಿಲ್ಲದೆ ಕುರ್ಚಿ ಹಾಕಿಕೊಂಡು ಬಾಗಿಲಲ್ಲೇ ಕುಳಿತಿದ್ದಳು. ನಲವತ್ತು ಹೆಜ್ಜೆಯ ಚೌಕಕ್ಕೆ ಅವನು ಕಾಲು ಗಂಟೆ ತೆಗೆದುಕೊಂಡ. ದಾರಿಯಲ್ಲಿ ಎರಡು ಸಲ ಶೂ ಲೇಸು ಕಟ್ಟಿಕೊಂಡ. ಅಭ್ಯಾಸಬಲದಿಂದ ಕೈಯಲ್ಲಿ ಕೆಲಸದ ಪೆಟ್ಟಿಗೆಯನ್ನೂ ಹಿಡಿದು ಬಂದಿದ್ದಾನೆಂದು ಅವನಿಗೆ ಗೊತ್ತಾದದ್ದು ಬಾಗಿಲು ತಟ್ಟುವಾಗಲೇ.

"ತೆಗೆದೇ ಇದೆ," ಎಂದಿತು ಒಳಗಿನ ದನಿ.

ಲಿಯೋಂತಿನ್ ಅಡುಗೆಮನೆಯ ಮೇಜಿನ ಮುಂದೆ ಕುಳಿತಿದ್ದಳು. ಎಪ್ಪತ್ತೊಂಬತ್ತು ವರ್ಷದ ಗಟ್ಟಿಮುಟ್ಟು ಹೆಂಗಸು. ಮೂಗಿನ ತುದಿಗೆ ಕನ್ನಡಕ, ಬೆರಳಿಗೆಲ್ಲ ಮಸಿ. ಮಗನನ್ನು ಕಂಡವಳೇ ಮುಂದಿದ್ದ ಏನನ್ನೋ ಎಲೆಕೋಸಿನ ಬುಟ್ಟಿಯಡಿ ತಳ್ಳಿದಳು.

"ಏನು?" ಎಂದಳು.

"ಸಹಿ ಬೇಕಿತ್ತು."

"ಹ್ಞೂಂ. ಎರಡು ವರ್ಷಕ್ಕೆ ಬಂದ ಮಗ. ಸಹಿ ಬೇಕಿತ್ತಂತೆ."

ಟಪ್ ಎಂದು ಸದ್ದಾಯಿತು. ಸ್ವಲ್ಪ ಹೊತ್ತಿಗೆ ಇನ್ನೊಮ್ಮೆ, ಟಪ್. ಅನ್ಸೆಲ್ಮ್ ಕತ್ತು ತಿರುಗಿಸಿದ. ನಲ್ಲಿಯ ಕೆಳಗೆ ಒಂದು ಪಾತ್ರೆ. ಪಾತ್ರೆಗೆ ನೀರು ತೊಟ್ಟಿಕ್ಕುತ್ತಿತ್ತು. ಅವನ ಎದೆಯಲ್ಲಿ ಎರಡು ವರ್ಷದಿಂದ ಕಟ್ಟಿಕೊಂಡಿದ್ದ ಸಿಟ್ಟು ಒಮ್ಮೆಲೇ ಹಬ್ಬವಾಗಿ ಮಾರ್ಪಟ್ಟಿತು.

"ನೋಡಿದೆಯಾ! ಇದೇನಾ ಬಾರ್ತಾಸ್ ರಿಪೇರಿ? ನಾನು ಮೊದಲೇ ಹೇಳಿದ್ದೆ, ಆ ಸೊವೆರಾಕಿನವರಿಗೆ ಸ್ಪ್ಯಾನರ್ ಹಿಡಿಯೋಕೇ ಬರಲ್ಲ!"

"ಯಾವ ಬಾರ್ತಾಸ್?"

"ನಿನ್ನ ಬಾರ್ತಾಸ್! ಅವನ ವ್ಯಾನು ಈ ಬಾಗಿಲಿಗೆ ಅಂಟಿಕೊಂಡು ನಿಂತಿದ್ದನ್ನ ಈ ಕಣ್ಣಲ್ಲೇ ನೋಡಿದ್ದೀನಿ!"

"ಬ್ರೆಡ್ ತಗೊಳ್ಳೋಕೆ ಬಂದಿದ್ದ, ಮುಠ್ಠಾಳ! ಬೇಕರಿ ಮುಂದೆ ಜಾಗ ಇರಲಿಲ್ಲ, ನನ್ನ ಬಾಗಿಲಿಗೇ ಅಡ್ಡ ನಿಲ್ಲಿಸ್ದ. ಪೊರಕೆ ತಗೊಂಡು ಓಡಿಸ್ದೆ. ನೀನು ಊರೆಲ್ಲ ಹೇಳ್ಕೊಂಡು ತಿರುಗಿದೆಯಂತೆ. ಒಂದು ದಿನ ಒಳಗೆ ಬಂದು ಕೇಳಿದೆಯಾ? ಕೇಳೋವರೆಗೂ ನಾನೂ ಹೇಳಲ್ಲ ಅಂತ ಕೂತೆ."

ಅನ್ಸೆಲ್ಮ್ ಪೆಟ್ಟಿಗೆಯನ್ನು ನೆಲದ ಮೇಲಿಟ್ಟ. "ಹಾಗಾದ್ರೆ ಇಷ್ಟು ದಿನ ಇದು ಹೀಗೇ ಸೋರ್ತಾ ಇತ್ತಾ? ಬೇರೆ ಯಾರನ್ನೂ ಕರೀಲಿಲ್ವಾ?"

"ನನ್ನ ಮಗನೇ ಪ್ಲಂಬರ್," ಎಂದಳು ಲಿಯೋಂತಿನ್. "ಬೇರೆಯವರನ್ನ ಯಾಕೆ ಕರೀಲಿ?"

ಇದಕ್ಕೆ ಅನ್ಸೆಲ್ಮನ ಬಳಿ ಕ್ಲಚ್ಚು, ಮಂಡಿ, ಮುಷ್ಕರ, ಸೋದರತ್ತೆ ಯಾವುದೂ ಇರಲಿಲ್ಲ. ಅವನು ಎರಡು ಸಲ ಕೆಮ್ಮಿ, ಮೂಗೊರೆಸಿಕೊಂಡು, ತೋಳು ಮಡಚಿ ನಲ್ಲಿಯ ಕಡೆ ನಡೆದ. ಸವೆದುಹೋಗಿದ್ದ ಒಂದು ವಾಷರು, ಉಗುರಿನಷ್ಟಿತ್ತು. ಹೊಸದನ್ನು ಹಾಕಿ ಬಿಗಿಮಾಡಲು ಆರು ನಿಮಿಷ ಹಿಡಿಯಿತು. ನಾಚಿಕೆಯಿಂದ ಅವನು ಇನ್ನೂ ನಾಲ್ಕು ನಿಮಿಷ ಸುಮ್ಮನೆ ಸ್ಪ್ಯಾನರ್ ತಿರುಗಿಸಿದ.

ಸದ್ದು ನಿಂತಿತು. ಲಿಯೋಂತಿನ್ ಕಿವಿಗೆ ಬೆರಳು ಹಾಕಿ ಅಲ್ಲಾಡಿಸಿದಳು. "ಥೂ, ಕಿವುಡು ಬಂದ ಹಾಗಾಯ್ತು," ಎಂದಳು. ಅವಳ ಕಣ್ಣು ಒದ್ದೆಯಾಗಿತ್ತು. ಈರುಳ್ಳಿ ಹೆಚ್ಚಿರಲಿಲ್ಲ.

"ಕೊಡು ಆ ಕಾಗದ," ಎಂದಳು. ಕೊನೆಗೆ ಬಾಲವಿಲ್ಲದ ಸಹಿ ಹಾಕಿದಳು. ಆಮೇಲೆ ಗೊಣಗುತ್ತ ಎಲೆಕೋಸಿನ ಬುಟ್ಟಿಯಡಿಯಿಂದ ತನ್ನ ಕಾಗದ ಎಳೆದು ಮಗನ ಮುಂದೆ ಇಟ್ಟಳು. "ಇದಕ್ಕೂ ಒಂದು ಹಾಕು. ಮಕ್ಕಳ ಸಹಿ ಬೇಕಂತೆ."

ಅಡುಗೆಯವಳ ಗುಂಡಗಿನ ಅಕ್ಷರದಲ್ಲಿ ಐವತ್ತು ಸಲ ಬರೆದಿತ್ತು: 'ನಾನು ಬಾಗಿಲು ತೆಗೆದಿರುತ್ತಿದ್ದೆ, ನೀನು ಬಾಗಿಲು ತೆಗೆದಿರುತ್ತಿದ್ದೆ...'

"ಬುಧವಾರ ಆ ಮುದುಕಿ ಬಂದಿದ್ಲು," ಎಂದಳು ಲಿಯೋಂತಿನ್ ಎತ್ತಲೋ ನೋಡುತ್ತ. "ಅವನು ಬಂದಿದ್ರೆ ಬಾಗಿಲು ತೆಗೀತಿದ್ದೆ ಅಂದೆ. ಅಷ್ಟೇ ಅಂದಿದ್ದು. ನಾನೇನು ಅವಳ ಹತ್ರ ಓದಿದವಳಾ? ನಾನು ಅಡುಗೆಯವಳು ಅಂದ್ರೂ ಕೇಳಲಿಲ್ಲ. ಮೂವತ್ತು ವರ್ಷ ಬೇಳೆಗೆ ಉಪ್ಪು ಜಾಸ್ತಿ ಹಾಕಿದ್ದೀಯ, ಅದಕ್ಕೂ ಸೇರಿಸಿ ಬರಿ ಅಂದ್ಲು."

ಅನ್ಸೆಲ್ಮ್ ಸಹಿ ಹಾಕಿದ. ಬಾಲ ಎಂದಿಗಿಂತ ಉದ್ದವಾಯಿತು.

ಭಾನುವಾರ ಶಾಲೆಯ ಅಂಗಳದಲ್ಲಿ ನೂರ ಇಪ್ಪತ್ತು ಜನ ಕುಳಿತಿದ್ದರು. ಗೂದಾಲ್ ಒಬ್ಬನೇ ಮರಕ್ಕೆ ಮುಖ ಮಾಡಿ ನಿಂತಿದ್ದ. ಆಡಿನ ಲೆಕ್ಕದಲ್ಲಿ ಇನ್ನೂ ಹನ್ನೆರಡು ಬಾಕಿ ಉಳಿದಿತ್ತು. ಮೇಡಂ ತಾಯಿಮಗ ಇಬ್ಬರ ಕಾಗದಗಳನ್ನೂ ತರಿಸಿಕೊಂಡು ಸಹಿಗಳ ಮೇಲೆ ಕೆಂಪು ಪೆನ್ಸಿಲ್ಲಿನಿಂದ ಸರಿ ಗುರುತು ಹಾಕಿದರು. ಮಗನಿಗೆ ಹತ್ತಕ್ಕೆ ಆರು, ತಾಯಿಗೆ ಹತ್ತಕ್ಕೆ ಒಂಬತ್ತು. "ಒಂದು ಯಾಕೆ ಕಮ್ಮಿ?" ಎಂದು ಲಿಯೋಂತಿನ್ ಹಂಡೆಯ ಹಿಂದಿನಿಂದಲೇ ಜಗಳಕ್ಕೆ ನಿಂತಳು. "ಬೇಳೆಗೆ," ಎಂದರು ಮೇಡಂ.

ಸೌಟು ಸಾಲಿನುದ್ದಕ್ಕೂ ಬಂದು ಅನ್ಸೆಲ್ಮನ ತಟ್ಟೆಯ ಮೇಲೆ ನಿಂತಿತು. ಅಂಗಳವೆಲ್ಲ ಕತ್ತು ಚಾಚಿತು. ಮಾಂಸ ಬಿತ್ತು. ಒಂದು ತುಂಡು, ಎರಡು ತುಂಡು, ಆಮೇಲೆ ಮಜ್ಜೆ ತುಂಬಿದ ದೊಡ್ಡ ಮೂಳೆ, ಊರಿಗೆಲ್ಲ ಒಂದೇ ಇರುವಂಥದ್ದು, ಪ್ರತಿ ವರ್ಷ ಮೇಯರ್‌ಗೆ ಹೋಗುತ್ತಿದ್ದದ್ದು. ಮೇಯರ್ ನಿಟ್ಟುಸಿರು ಬಿಟ್ಟ. ಅನ್ಸೆಲ್ಮ್ ಕುತ್ತಿಗೆಗೆ ಬಟ್ಟೆ ಸಿಕ್ಕಿಸಿ ಮುಳ್ಳು ಚಮಚ ಎತ್ತಿದ.

"ನನ್ನ ಸಿಂಕು?" ಎಂದರು ಮೇಡಂ.

"ಮೇಡಂ, ಬೆಳಿಗ್ಗೆನೇ ಬರ್ತಿ..."

ನೂರ ಇಪ್ಪತ್ತು ಚಮಚಗಳು ಗಾಳಿಯಲ್ಲೇ ನಿಂತವು. ಮರದ ಕಡೆ ಮುಖ ಮಾಡಿದ್ದ ಗೂದಾಲ್ ಕೂಡ ಶಿಸ್ತು ಮರೆತು ಹಿಂದಿರುಗಿ ನೋಡಿದ. ಅನ್ಸೆಲ್ಮ್ ನಾಲಿಗೆ ಕಚ್ಚಿಕೊಂಡು, ತಟ್ಟೆಯನ್ನೊಮ್ಮೆ ಪ್ರೀತಿಯಿಂದ ನೋಡಿ, ಕುತ್ತಿಗೆಯ ಬಟ್ಟೆಯ ಸಮೇತ ಎದ್ದು, ಕೆಲಸದ ಪೆಟ್ಟಿಗೆ ಎತ್ತಿಕೊಂಡು, ಶಾಲೆಯ ಗೋಡೆಗೆ ತಾಗಿಕೊಂಡೇ ಇದ್ದ ಮೇಡಂ ಮನೆಗೆ ಓಡಿದ.

ಸಿಂಕಿನಡಿ ನುಗ್ಗಿ ಅವನು ಕೊನೆಯ ಸುತ್ತು ಬಿಗಿ ಮಾಡುತ್ತಿದ್ದಾಗ ಗೋಡೆಯಾಚೆಯಿಂದ ಅಮ್ಮನ ದನಿ ಕೇಳಿಸಿತು. ಎರಡು ವರ್ಷ ಉಳಿಸಿಟ್ಟ ದನಿ, ಊರಾಚೆಯ ಹಸುಗಳೂ ತಲೆಯೆತ್ತುವಂತಿತ್ತು.

"ಅನ್ಸೆಲ್ಮ್! ಮಾಂಸ ಆರಿಹೋಗ್ತಿದೆ, ಬರ್ತೀಯೋ ಇಲ್ವೋ?"

"ಬರ್ತಿದ್ದೆ ಅಮ್ಮ, ಆದ್ರೆ..." ಎಂದು ಹೇಳಹೊರಟವನು ಬೆಚ್ಚಿಬಿದ್ದು ತಲೆಯನ್ನು ಸಿಂಕಿಗೆ ಢಣ್ ಎಂದು ಹೊಡೆದುಕೊಂಡ.

"ಬಂದೆ ಅಮ್ಮಾ, ಬಂದೆ!" ಎಂದು ಕೂಗಿದ.

ಮೊರ್ಲಿಯಾಕಿನ ಚರಿತ್ರೆಯಲ್ಲೇ ಮೊದಲ ಸಲ, ಹೇಳಿದ ಹಾಗೆಯೇ ಬಂದ.